ದೊಡ್ಡವನು ಹೇಳಿದ ಬೆಲೆ

ಇಪ್ಪತ್ತೆರಡು ವರ್ಷ ಆ ನಾಣ್ಯಕ್ಕೆ ಬೆಲೆ ಇರಲಿಲ್ಲ. ಬೆಲೆ ಇಲ್ಲದ ಕಾರಣ ಅದು ಯಾರದು ಎಂಬ ಪ್ರಶ್ನೆಯೂ ಯಾರಿಗೂ ಹುಟ್ಟಿರಲಿಲ್ಲ. ಲಾಸ್ ಏಂಜಲೀಸಿನ ಹತ್ತಿರದ ವಾಲ್‌ನಟ್ ಊರಿನಲ್ಲಿರುವ ಅಪ್ಪಾಸಾಹೇಬರ ಮನೆಯ ದೇವರ ಕಪಾಟಿನಲ್ಲಿ, ಹಿತ್ತಾಳೆಯ ಬಸವಣ್ಣನ ಪಕ್ಕಕ್ಕೆ, ಕುಂಕುಮ ಮೆತ್ತಿಸಿಕೊಂಡು ಅದು ತನ್ನ ಪಾಡಿಗೆ ತಾನಿತ್ತು.

1972ರಲ್ಲಿ ಅಪ್ಪಾಸಾಹೇಬರೂ ಅವರ ತಮ್ಮ ಓಂಪ್ರಕಾಶನೂ ಲಾಸ್ ಏಂಜಲೀಸಿನ ಡೌನ್‌ಟೌನ್ ಬಳಿ ಒಂದೇ ಕೋಣೆಯಲ್ಲಿದ್ದರು. ಇಬ್ಬರೂ ತಲಾ ನೂರಾ ನಲವತ್ತು ಡಾಲರ್ ಹಾಕಿ ಒಂದು ಮುದಿ ಕಾರು ಕೊಂಡರು. ಮೊದಲ ಭಾನುವಾರ ಅದನ್ನು ತೊಳೆಯುವಾಗ ಓಂಪ್ರಕಾಶ ಹಿಂದಿನ ಸೀಟಿನ ಸಂದಿಗೆ ಕೈ ತೂರಿಸಿ ಒಂದು ಮುರುಕು ಬಾಚಣಿಗೆ, ಎರಡು ಬಾಟಲಿ ಮುಚ್ಚಳ, ಒಂದು ಬೆಳ್ಳಿಯ ಕ್ವಾರ್ಟರ್ ಹೊರಗೆಳೆದ. ಕಾಲು ಡಾಲರಿನ ಆ ನಾಣ್ಯದ ಮೇಲೆ 1901 ಎಂದಿತ್ತು. ತಲೆಗೆ ಎಲೆಗಳ ಕಿರೀಟ ತೊಟ್ಟ ಹೆಂಗಸಿನ ಮುಖವಿತ್ತು. ಮುಖ ಸ್ವಲ್ಪ ಗಂಡಸಿನ ಹಾಗೆಯೇ ಇತ್ತೆನ್ನಿ. "ಅಣ್ಣಾ, ಅಮೆರಿಕಾದ ಲಕ್ಷ್ಮಿ ಬಂದಾಳ ನೋಡು" ಎಂದು ಓಂಪ್ರಕಾಶ ನಕ್ಕ. ಮರುವಾರವೇ ಅಪ್ಪಾಸಾಹೇಬರಿಗೆ ಎಲ್ ಸೆಗುಂಡೋದಲ್ಲಿ, ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಇನ್ನೇನು ಬೇಕು? ಗಂಡುಮುಖದ ಲಕ್ಷ್ಮಿ ಅಂದಿನಿಂದ ದೇವರಾದಳು.

ಆಮೇಲೆ ಓಂಪ್ರಕಾಶ ಓದು ಮುಗಿಸಿ ಸ್ಯಾನ್ ಡಿಯೇಗೋಗೆ ಹೋದ. ಅಲ್ಲಿ ಫೋನಿನ ಉಪಕರಣ ಮಾಡುವ ಕಂಪನಿ ಸೇರಿದ, ಮೀರಾ ಮೇಸಾದಲ್ಲಿ ಮನೆ ಮಾಡಿದ, ಧಾರವಾಡದ ಸೌಜನ್ಯಾಳನ್ನು ಮದುವೆಯಾದ. ಕಾರು ಗುಜರಿಗೆ ಹೋಯಿತು. ನಾಣ್ಯ ದೊಡ್ಡವನ ಮನೆಯಲ್ಲಿ ಉಳಿಯಿತು.

ಅಪ್ಪಾಸಾಹೇಬರು ದೇವರಿಗೆ ಕೈ ಮುಗಿಯುವುದು ಕಡಿಮೆ. ಆದರೆ ಬೆಳಿಗ್ಗೆ ಕಾರಿನ ಬೀಗದ ಕೈ ಎತ್ತಿಕೊಳ್ಳುವ ಮುಂಚೆ ಆ ನಾಣ್ಯವನ್ನೊಮ್ಮೆ ಬೆರಳಿನಿಂದ ಮುಟ್ಟುವುದು ಮಾತ್ರ ತಪ್ಪಿದ್ದಲ್ಲ. ರಷ್ಯಾದೊಂದಿಗಿನ ಜಗಳ ಮುಗಿದು, ಯುದ್ಧವಿಮಾನದ ಆರ್ಡರು ನಿಂತು, ಎಲ್ ಸೆಗುಂಡೋದ ಕಂಪನಿಗಳೆಲ್ಲ ಜನರನ್ನು ಮನೆಗೆ ಕಳಿಸತೊಡಗಿದ ಮೇಲಂತೂ ಎರಡು ಸಲ ಮುಟ್ಟುತ್ತಿದ್ದರು. ಮೂರು ವರ್ಷದಲ್ಲಿ ಮೂರು ಸುತ್ತು ಲೇಆಫ್ ಆಗಿತ್ತು. ಅವರ ಸಾಲಿನಲ್ಲಿ ಹನ್ನೊಂದು ಮೇಜು ಖಾಲಿಯಾಗಿದ್ದವು, ಅವರದೊಂದು ಉಳಿದಿತ್ತು. ಇಂಜಿನಿಯರು ಅವರು, ಬೆಳ್ಳಿಯ ಬಿಲ್ಲೆ ಕೆಲಸ ಉಳಿಸುತ್ತದೆ ಎಂದು ಬಾಯಿಬಿಟ್ಟು ಹೇಳುವಷ್ಟು ದಡ್ಡರಲ್ಲ. ಒಳಗೊಳಗೇ ನಂಬುವಷ್ಟು ದಡ್ಡರು.

1994ರ ಬಸವ ಜಯಂತಿಯ ದಿನ ಊಟಕ್ಕೆ ಬಂದಿದ್ದ ಸದಾನಂದರು ಈ ನೆಮ್ಮದಿಗೆ ಕಲ್ಲು ಹಾಕಿದರು. ಸದಾನಂದರು ಉಡುಪಿಯ ಕಡೆಯವರು. ಆರ್ಟೀಸಿಯಾದ ಪಯನೀರ್ ಬುಲೆವಾರ್ಡಿನಲ್ಲಿ ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಕೂತು ಜನರ ಟ್ಯಾಕ್ಸ್ ಬರೆದುಕೊಡುವುದು ಅವರ ಹೊಟ್ಟೆಪಾಡು. ಹಳೆಯ ನಾಣ್ಯ ಕೂಡಿಡುವುದು ಅವರ ಹುಚ್ಚು. ಮಂಗಳಾರತಿಗೆಂದು ಕಪಾಟಿನ ಮುಂದೆ ಬಗ್ಗಿದವರು ಏಳಲೇ ಇಲ್ಲ. ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಕಣ್ಣಿಗೆ ಹಚ್ಚಿಕೊಂಡರು.

"ಇದು ಎಂತ ಅಂತ ಗೊತ್ತುಂಟಾ ಮಾರಾಯ್ರೇ ನಿಮಗೆ?" ಎಂದರು ಕೊನೆಗೆ. "ಹದ್ದಿನ ಬಾಲದ ಕೆಳಗೆ S ಉಂಟು ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯದ್ದು. ಆ ವರ್ಷ ಅಲ್ಲಿ ಕ್ವಾರ್ಟರ್ ಮಾಡಿದ್ದೇ ಕಡಿಮೆ. ಜನ ಇದಕ್ಕೆ ಸಾವಿರ ಸಾವಿರ ಕೊಡ್ತಾರೆ. ನೀವು ಇದಕ್ಕೆ ಕುಂಕುಮ ಹಚ್ಚಿ ಕೂತಿದ್ದೀರಿ!"

ಅಪ್ಪಾಸಾಹೇಬರ ಹೆಂಡತಿ ಪ್ರೇಮವ್ವ ಕೈಯಲ್ಲಿದ್ದ ಆರತಿಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಸಂಜೆಯ ಹೊತ್ತಿಗೆ ಸುದ್ದಿ ಫೋನಿನಲ್ಲಿ ಸ್ಯಾನ್ ಡಿಯೇಗೋ ಮುಟ್ಟಿತ್ತು.

ಆಗ ಅಪ್ಪಾಸಾಹೇಬರು ಒಂದು ದೊಡ್ಡಸ್ತಿಕೆಯ ಕೆಲಸ ಮಾಡಿದರು. ಯಾರೂ ಕೇಳಿರಲಿಲ್ಲ. ಫೋನು ಹೆಂಡತಿಯ ಕೈಯಿಂದ ಇಸಿದುಕೊಂಡು, "ಓಮ್ಯಾ, ಇದು ಇಬ್ಬರದೂ. ನ್ಯಾಯವಾಗಿ ಪಾಲು ಮಾಡೂಣು. ಅಪ್ಪ, ದೊಡ್ಡಪ್ಪ ತೂಗುಮಂಚ ಪಾಲು ಮಾಡಿದ್ದು ನೆನಪೈತಲ್ಲ, ಹಂಗ" ಎಂದರು.

ಗದಗಿನ ಅವರ ಮನೆಯಲ್ಲಿ ಆ ಪಾಲಿನ ಕಥೆಯನ್ನು ಕೇಳದೆ ಬೆಳೆದ ಮಗುವಿಲ್ಲ. ಪಾಲಿನ ನೇಮ ಹಳೆಯದು: ದೊಡ್ಡವನು ಪಾಲು ಮಾಡಬೇಕು, ಸಣ್ಣವನು ಮೊದಲು ಎತ್ತಬೇಕು. ಪಾತ್ರೆ ಪಡಗ, ಬಟ್ಟೆ ಅಂಗಡಿಯ ಥಾನು, ಎಲ್ಲ ಹಾಗೇ ಹಂಚಿಹೋಯಿತು. ಕೊನೆಗೆ ತೇಗದ ತೂಗುಮಂಚ ಒಂದೇ ಉಳಿಯಿತು. ಅದನ್ನು ಗರಗಸದಿಂದ ಕೊಯ್ಯಲು ಬರುವುದಿಲ್ಲ. ದೊಡ್ಡಪ್ಪ ಬೆಲೆ ಹೇಳಿದ, ನೂರಾ ಇಪ್ಪತ್ತು ರೂಪಾಯಿ. ಇನ್ನು ಸಣ್ಣವನಾದ ಅಪ್ಪನ ಸರದಿ: ಮಂಚ ಬೇಕೆಂದರೆ ಅರವತ್ತು ಕೊಡಬೇಕು, ಬೇಡವೆಂದರೆ ಅರವತ್ತು ತೆಗೆದುಕೊಂಡು ಸುಮ್ಮನಾಗಬೇಕು. ಬೆಲೆ ಹೇಳುವವನಿಗೆ ತಾನು ಕೊಡುವವನಾಗುತ್ತೇನೋ ತೆಗೆದುಕೊಳ್ಳುವವನಾಗುತ್ತೇನೋ ಗೊತ್ತಿರುವುದಿಲ್ಲ. ಕಡಿಮೆ ಹೇಳಿದರೂ ಕೈ ಸುಡುತ್ತದೆ, ಹೆಚ್ಚು ಹೇಳಿದರೂ ಸುಡುತ್ತದೆ. ಆದ್ದರಿಂದ ಬಾಯಿಂದ ನ್ಯಾಯದ ಬೆಲೆಯೇ ಬರುತ್ತದೆ ಎಂದು ಹಿರಿಯರ ಲೆಕ್ಕ. ಒಂದು ಸಲ ಹೇಳಿದ ಬೆಲೆ ಬದಲಾಗುವ ಹಾಗಿಲ್ಲ.

"ಆತಣ್ಣಾ, ನೀ ಬೆಲಿ ಹೇಳು, ನಾ ಎತ್ತತೀನಿ" ಎಂದ ಓಂಪ್ರಕಾಶ. ಮುಂದಿನ ತಿಂಗಳ ಎರಡನೆಯ ಭಾನುವಾರ ಮೀರಾ ಮೇಸಾದಲ್ಲಿ ಊಟ, ಊಟದ ಮೇಲೆ ಪಾಲು ಎಂದು ಮಾತಾಯಿತು.

ಮರುದಿನ ಬೆಳಿಗ್ಗೆ ಅಪ್ಪಾಸಾಹೇಬರು ಎಂದಿನಂತೆ ನಾಣ್ಯ ಮುಟ್ಟಲು ಹೋದರು. ಇದು ಇಲ್ಲಿ ಇರಲಿಕ್ಕಿಲ್ಲ ಎಂಬುದು ಆಗ ಅವರಿಗೆ ಹೊಳೆಯಿತು. ತಾವೇ ತಮ್ಮ ಕಾಲ ಮೇಲೆ ಕಲ್ಲು ಎತ್ತಿ ಹಾಕಿಕೊಂಡಿದ್ದರು. ಅವರಿಗೆ ಆ ನಾಣ್ಯ ಬೇಕಾಗಿತ್ತು. ಸಾವಿರದ ಮಾತು ಬಿಡಿ, ಅದು ಬರೀ ಕಾಲು ಡಾಲರಿನದಾಗಿದ್ದರೂ ಬೇಕಾಗಿತ್ತು.

ಇರಲಿ, ಮೊದಲು ಬೆಲೆಯಾದರೂ ತಿಳಿಯಬೇಕಲ್ಲ. ಒಂದು ಮಧ್ಯಾಹ್ನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಡೌನ್‌ಟೌನಿನ ಒಬ್ಬ ವ್ಯಾಪಾರಿಯ ಬಳಿ ಹೋದರು. ಅವನು ನಾಣ್ಯವನ್ನು ಅಂಚಿನಲ್ಲಿ ಹಿಡಿದು ಎರಡು ಸಲ ಹೊರಳಿಸಿ, ಸಾವಿರದ ಮುನ್ನೂರು ಕೊಡುತ್ತೇನೆ, ಈಗಲೇ, ನಗದು ಎಂದ. ಅಪ್ಪಾಸಾಹೇಬರು ಥ್ಯಾಂಕ್ಸ್ ಹೇಳಿ ಹೊರಬಂದರು. ವಾಲ್‌ನಟ್ ಲೈಬ್ರರಿಯಲ್ಲಿ ಸಿಕ್ಕ ಬೆಲೆಪುಸ್ತಕ ಬೇರೆಯೇ ಹಾಡು ಹಾಡಿತು. ಆ ಹೆಂಗಸಿನ ತಲೆಪಟ್ಟಿಯ ಮೇಲೆ ಲಿಬರ್ಟಿ ಎಂದು ಇಂಗ್ಲಿಷಿನಲ್ಲಿ ಏಳು ಅಕ್ಷರ ಇರುತ್ತವಂತೆ. ಏಳೂ ಓದಲು ಬಂದರೆ ಮೂರು ಸಾವಿರದ ಇನ್ನೂರು. ಮೂರೇ ಉಳಿದಿದ್ದರೆ ಎರಡು ಸಾವಿರದ ಆಸುಪಾಸು. ಅಪ್ಪಾಸಾಹೇಬರು ಮನೆಗೆ ಬಂದು ದೀಪದ ಬೆಳಕಿನಲ್ಲಿ ಎಣಿಸಿದರು. ಐದು ಇದ್ದವು. ಕಣ್ಣು ಕಿರಿದು ಮಾಡಿದರೆ ಐದೂವರೆ.

ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಶನಿವಾರ ಆರ್ಟೀಸಿಯಾಗೆ ಹೋದರು. ಪ್ರೇಮವ್ವ ಕೆಳಗೆ ಕಿರಾಣಿ ಅಂಗಡಿಯಲ್ಲಿ ಜೋಳದ ಹಿಟ್ಟಿಗೆ ನಿಂತಾಗ ಇವರು ಸದಾನಂದರ ಮಾಳಿಗೆ ಹತ್ತಿದರು.

ಸದಾನಂದರು ಮೇಜಿನ ಮೇಲಿದ್ದ ಟ್ಯಾಕ್ಸ್ ಕಾಗದಗಳನ್ನು ಬದಿಗೆ ಸರಿಸಿ, ಒಂದು ಕಪ್ಪು ಬಟ್ಟೆ ಹಾಸಿ, ಮಗುವನ್ನು ಮಲಗಿಸಿದ ಹಾಗೆ ನಾಣ್ಯವನ್ನಿಟ್ಟರು. ಮೊದಲು S ನೋಡಿದರು. ಆ ಅಕ್ಷರವನ್ನು ಬೇರೆ ನಾಣ್ಯದಿಂದ ಕೆತ್ತಿ ತಂದು ಅಂಟಿಸುವ ಖದೀಮರಿದ್ದಾರಂತೆ. ಅಕ್ಷರದ ಸುತ್ತ ಗೆರೆಯಿಲ್ಲ, ಬಣ್ಣದಲ್ಲಿ ಭೇದವಿಲ್ಲ. "ಅಚ್ಚಿನಲ್ಲೇ ಬಂದದ್ದು. ಅಸಲು" ಎಂದರು. ಆಮೇಲೆ ಮೋರೆ ಸಪ್ಪಗಾಯಿತು.

"ಇದನ್ನು ಯಾರು ತಿಕ್ಕಿದ್ದು?"

"ನಮ್ಮಾಕಿ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ."

"ಎಂತದ್ದರಲ್ಲಿ?"

"ವಿಭೂತಿ ಹಚ್ಚಿ ತಿಕ್ಕತಾಳ್ರಿ. ಬೆಳ್ಳಿ ಫಳಫಳ ಅಂತೈತಿ."

ಸದಾನಂದರು ಕಣ್ಣು ಮುಚ್ಚಿಕೊಂಡರು. "ಅಯ್ಯೋ ದೇವರೇ. ಎಷ್ಟು ವರ್ಷ! ಹಳೇ ನಾಣ್ಯದ ಮೈಮೇಲೆ ಒಂದು ಮಾಸಲು ಬಣ್ಣ ಕೂರ್ತದೆ, ನೋಡಿ, ಅದೇ ಅದರ ಮರ್ಯಾದೆ. ಅದನ್ನು ನಿಮ್ಮ ಮನೆಯವರು ವರ್ಷಕ್ಕೆರಡು ಸಲ ತೊಳೆದು ಕಳೆದಿದ್ದಾರೆ. ಎರಡು ಅಕ್ಷರವೂ ಅವರ ಪುಣ್ಯದಿಂದಲೇ ಹೋದದ್ದು. ಆ ಎರಡು ಅಕ್ಷರದ ಬೆಲೆಗೆ ಒಂದು ಒಳ್ಳೆಯ ಸೋಫಾ ಬರ್ತಿತ್ತು."

ಮತ್ತೆ ಒಂದಷ್ಟು ಹೊತ್ತು ಪೆನ್ಸಿಲ್ ಹಿಡಿದು ಕೂತು ಹೇಳಿದರು: "ಎರಡು ಸಾವಿರದ ನಾಲ್ಕುನೂರು. ಆ ಡೌನ್‌ಟೌನಿನವ ಹೇಳಿದ್ದು ಕೊಳ್ಳುವವನ ಬೆಲೆ, ಅವನಿಗೂ ಅಂಗಡಿ ಬಾಡಿಗೆ ಉಂಟಲ್ಲ. ಪುಸ್ತಕದ್ದು ಆಸೆಯ ಬೆಲೆ. ನಾನು ಹೇಳುವುದು ಎಂತದ್ದು ಅಂದ್ರೆ, ನೀವು ಮೇಜಿನ ಈ ಕಡೆ ಕೂತರೂ ಸರಿ, ಆ ಕಡೆ ಕೂತರೂ ಸರಿ, ಹೊಟ್ಟೆ ಉರಿಯಬಾರದು. ಅಂಥ ಬೆಲೆ. ಯಾರು ಕೇಳಿದರೂ ನಾನು ಇದೇ ಹೇಳುದು."

ಅಂದರೆ ಅರ್ಧ ಪಾಲು ಸಾವಿರದ ಇನ್ನೂರು. ಅಪ್ಪಾಸಾಹೇಬರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸಾವಿರದ ಇನ್ನೂರು ಡಾಲರಿಗೆ ಓಂಪ್ರಕಾಶ ಹಿಂದೆಮುಂದೆ ನೋಡದೆ ನಾಣ್ಯ ಎತ್ತುತ್ತಾನೆ. ಸಂದಿಗೆ ಕೈ ಹಾಕಿದವನು ಅವನು. ಅವನ ಕಂಪನಿ ಆಕಾಶಕ್ಕೇರುತ್ತಿದೆ. ಎತ್ತದೆ ಬಿಡುತ್ತಾನೆಯೇ?

ಕಳ್ಳ ಆಲೋಚನೆ ಒಂದೇ ದಿನ ಬರಲಿಲ್ಲ, ಕಂತಿನಲ್ಲಿ ಬಂತು. ಸೋಮವಾರ ಫ್ರೀವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಕೂತಾಗ ಅವರಿಗೆ ತಮ್ಮನ ಟೀವಿಯ ನೆನಪಾಯಿತು. ಹಿಂದಿನ ವರ್ಷ ಓಂಪ್ರಕಾಶ ಎರಡು ಸಾವಿರ ಡಾಲರಿನ ದೊಡ್ಡ ಟೀವಿ ತಂದು, ಎರಡು ರಾತ್ರಿ ನಿದ್ದೆ ಬಾರದೆ, ಮೂರನೆಯ ದಿನ ಅದನ್ನು ಅಂಗಡಿಗೆ ವಾಪಸು ಕೊಟ್ಟು ಬಂದಿದ್ದ. ಅಂದರೆ ಎರಡು ಸಾವಿರ ಅವನ ಎಲ್ಲೆ. ಮಂಗಳವಾರ ತಮ್ಮ ಉಳಿತಾಯದ ಪುಸ್ತಕ ನೋಡಿದರು. ಮನೆಯ ಛಾವಣಿ ರಿಪೇರಿಗೆಂದು ಇಟ್ಟ ಮೂರು ಸಾವಿರದ ನೂರು ಇತ್ತು. ಬುಧವಾರ ಎರಡನ್ನೂ ಕೂಡಿಸಿದರು. ನಾಣ್ಯದ ಬೆಲೆ ಐದು ಸಾವಿರ ಎಂದರೆ ಅರ್ಧ ಎರಡೂವರೆ ಸಾವಿರ. ಓಂಪ್ರಕಾಶ ಬೆದರಿ ಹಣ ಎತ್ತುತ್ತಾನೆ, ನಾಣ್ಯ ಇಲ್ಲೇ ಉಳಿಯುತ್ತದೆ, ಛಾವಣಿ ಇನ್ನೊಂದು ಮಳೆಗಾಲ ತಡೆಯುತ್ತದೆ. ಇದರಲ್ಲಿ ಮೋಸವೆಲ್ಲಿ ಬಂತು? ನಷ್ಟವಾಗುವುದು ತನಗೇ. ತಮ್ಮನಿಗೆ ಲಾಭವೇ. ಹೀಗೆ ತಮಗೆ ತಾವೇ ವಕೀಲರಾಗಿ, ತಾವೇ ಜಡ್ಜರಾಗಿ, ಗುರುವಾರದ ಹೊತ್ತಿಗೆ ಅಪ್ಪಾಸಾಹೇಬರು ಕೇಸು ಗೆದ್ದರು. ಸದಾನಂದರು ಹೇಳಿದ ಬೆಲೆಯನ್ನು ಪ್ರೇಮವ್ವನಿಗೆ ಹೇಳುವ ಗೊಡವೆಗೆ ಹೋಗಲಿಲ್ಲ ಎಂಬಲ್ಲಿಯೇ ಕೇಸಿನ ಹುಳುಕು ಗೊತ್ತಾಗಬೇಕಿತ್ತು.

ಭಾನುವಾರ ಸೌಜನ್ಯಾ ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗೋಧಿ ಹುಗ್ಗಿ ಮಾಡಿದ್ದಳು. ಅಪ್ಪಾಸಾಹೇಬರಿಗೆ ರುಚಿ ಹತ್ತಲಿಲ್ಲ. "ಯಾಕ ಭಾವಾ, ಉಣವಲ್ರಿ?" ಎಂದು ಅವಳು ಎರಡು ಸಲ ಕೇಳಿದಳು. ಊಟವಾದ ಮೇಲೆ ಸ್ಟೀಲಿನ ತಟ್ಟೆಯೊಂದರಲ್ಲಿ ನಾಣ್ಯವನ್ನಿಟ್ಟು ಮೇಜಿನ ನಡುವೆ ಇಟ್ಟರು. ನಾಲ್ವರೂ ಸುತ್ತ ಕೂತರು. ಓಂಪ್ರಕಾಶ ತಮಾಷೆಗೆಂದು ಶರ್ಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು ಬಂದಿದ್ದ.

"ಹೇಳಣ್ಣಾ."

ಅಪ್ಪಾಸಾಹೇಬರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಐದು ಸಾವಿರ."

ಪ್ರೇಮವ್ವ "ಶಿವಾ!" ಎಂದರು. ಓಂಪ್ರಕಾಶನ ಮುಖದಲ್ಲಿದ್ದ ನಗೆ ಆರಿಹೋಯಿತು. ಅವನು ಅಣ್ಣನನ್ನೇ ನೋಡಿದ, ಬಹಳ ಹೊತ್ತು. ಆಮೇಲೆ "ಒಂದ ನಿಮಿಷ" ಎಂದು ಎದ್ದು ಸೌಜನ್ಯಾಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಬಾಗಿಲು ಹಾಕಿದ ಸದ್ದಾಯಿತು. ಸರಿ, ಬೆದರಿದ ಎಂದುಕೊಂಡರು ಅಪ್ಪಾಸಾಹೇಬರು.

ಗಂಡಹೆಂಡಿರು ಹೊರಬಂದಾಗ ಸೌಜನ್ಯಾಳ ಕಣ್ಣು ಕೆಂಪಗಿದ್ದವು. ಓಂಪ್ರಕಾಶನ ಕೈಯಲ್ಲಿ ಚೆಕ್ ಪುಸ್ತಕವಿತ್ತು.

"ನಾ ನಾಣ್ಯ ತಗೋತೀನಣ್ಣಾ" ಎಂದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬೆಲೆ ಸುಳ್ಳೆಂದು ಒಪ್ಪಿಕೊಳ್ಳಬೇಕಾದ ಹೊತ್ತಿನಲ್ಲಿ ಅಪ್ಪಾಸಾಹೇಬರು ಒಪ್ಪಿಕೊಳ್ಳಲಿಲ್ಲ. ಓಂಪ್ರಕಾಶ ಎರಡು ಸಾವಿರದ ಐದುನೂರು ಎಂದು ಬರೆದು, ಸಹಿ ಮಾಡಿ, ಚೆಕ್ಕನ್ನು ಎರಡೂ ಕೈಯಿಂದ ಅಣ್ಣನಿಗೆ ಕೊಟ್ಟ. ಅವರು ಅದನ್ನು ತೆಗೆದುಕೊಂಡರು, ತೆಗೆದುಕೊಂಡೇ ಬಿಟ್ಟರು. ಚಹಾ ಬಂತು, ಕುಡಿದರು. ಚುರುಮುರಿ ಡಬ್ಬಿಯಲ್ಲಿ ಕಟ್ಟಿಕೊಟ್ಟರು, ಇಸಿದುಕೊಂಡರು. ಮೂರು ಗಂಟೆಗೆ ಕಾರು ಹೊರಟಿತು.

5ನೇ ಫ್ರೀವೇ ಖಾಲಿಯಾಗಿತ್ತು. ಎಡಕ್ಕೆ ಸಮುದ್ರ ಥಳಥಳಿಸುತ್ತಿತ್ತು. ಪ್ರೇಮವ್ವ ಖುಷಿಯಲ್ಲಿದ್ದರು. "ಹೋಗಲಿ ಬಿಡ್ರಿ, ದೇವರ ಕಪಾಟಿನ್ಯಾಗ ಒಂದು ಜಾಗ ಖಾಲಿ ಆತು, ಛಾವಣಿ ರಿಪೇರಿ ಆಗತೈತಿ. ನಿಮ್ಮ ತಮ್ಮ ಭಾಳ ದೊಡ್ಡ ಮನಸ್ಸಿನಾಂವ ನೋಡ್ರಿ. ಅಣ್ಣ ಹೇಳಿದ ಬೆಲಿ ಅಂತ ಚಕಾರ ಎತ್ತಲಿಲ್ಲ."

ಈ ಮಾತು ಅಪ್ಪಾಸಾಹೇಬರನ್ನು ಇರಿಯಿತು. ಓಷನ್‌ಸೈಡ್ ದಾಟಿತು. ರೆಸ್ಟ್ ಏರಿಯಾದ ಬೋರ್ಡು ಕಂಡದ್ದೇ ಕಾರನ್ನು ಒಳಗೆ ತಿರುಗಿಸಿ ನಿಲ್ಲಿಸಿದರು. ಇಂಜಿನ್ ಆರಿಸಿ, ಸ್ಟಿಯರಿಂಗ್ ಹಿಡಿದೇ ಕೂತು, ಇಡೀ ಕಥೆ ಹೇಳಿದರು. ಟೀವಿಯ ಲೆಕ್ಕವನ್ನೂ ಬಿಡಲಿಲ್ಲ.

ಪ್ರೇಮವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಡಿಲಲ್ಲಿದ್ದ ಚುರುಮುರಿ ಡಬ್ಬಿಯನ್ನು ಕಾಲಬುಡಕ್ಕೆ ಇಟ್ಟು, "ಗಾಡಿ ತಿರುಗಸ್ರಿ" ಎಂದರು.

ಮುಂದಿನ ಎಕ್ಸಿಟ್‌ವರೆಗೆ ಹೋಗಿ ತಿರುಗಿಸಿಕೊಂಡು ಮೀರಾ ಮೇಸಾ ಮುಟ್ಟುವ ಹೊತ್ತಿಗೆ ಐದು ಗಂಟೆ. ಬೇಸಿಗೆಯ ಬಿಸಿಲು ಇನ್ನೂ ಮನೆಗಳ ಗೋಡೆಯ ಮೇಲಿತ್ತು. ಬಾಗಿಲು ತೆಗೆದ ಸೌಜನ್ಯಾ ಗಾಬರಿಯಾದಳು. ಓಂಪ್ರಕಾಶ ಅದೇ ಮೇಜಿನ ಮುಂದೆ ಒಬ್ಬನೇ ಕೂತಿದ್ದ. ನಾಣ್ಯ ಅವನ ಅಂಗೈಯಲ್ಲಿತ್ತು.

ಅಪ್ಪಾಸಾಹೇಬರು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಮಾತು ಮತ್ತೆ ಉಳಿದುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಚೆಕ್ಕನ್ನು ಮೇಜಿನ ಮೇಲಿಟ್ಟರು.

"ಓಮ್ಯಾ, ನಾ ಸುಳ್ಳು ಬೆಲಿ ಹೇಳಿದ್ನಿ. ಅದರ ಖರೇ ಬೆಲಿ ಎರಡು ಸಾವಿರದ ನಾಲ್ಕನೂರು."

"ನನಗ ಗೊತ್ತೈತಣ್ಣಾ" ಎಂದ ಓಂಪ್ರಕಾಶ ಮೆಲ್ಲಗೆ. "ಸದಾನಂದ ಅವರಿಗೆ ನಾನೂ ಫೋನ್ ಮಾಡಿದ್ನಿ."

ಅಪ್ಪಾಸಾಹೇಬರು ಮೇಜಿನ ಮೇಲಿನ ಚೆಕ್ಕಿನ ಕಡೆ ಬೆರಳು ಮಾಡಿದರು. "ಗೊತ್ತಿದ್ದೂ ಯಾಕ ತಗೊಂಡಿ?"

ಓಂಪ್ರಕಾಶ ಹೆಂಡತಿಯ ಕಡೆ ನೋಡಿದ. ಸೌಜನ್ಯಾ ಅವನಿಗೆ ಕಣ್ಸನ್ನೆ ಮಾಡಿದಳು, ಹೇಳಿಬಿಡು ಎಂಬಂತೆ.

"ನೀ ಐದು ಸಾವಿರ ಅಂದಕೂಡಲೇ ನನಗ ತಿಳೀತು, ನಿನ್ನ ನೌಕರಿ ಹೋಗೈತಿ ಅಂತ."

"ಏನು?"

"ಎಲ್ ಸೆಗುಂಡೋದಾಗ ದಿನಾ ಮಂದೀನ ತಗಿಯಾಕತ್ತಾರ ಅಂತ ಪೇಪರಿನ್ಯಾಗ ಬರತೈತಿ. ಊಟದಾಗೂ ನಿನ್ನ ಕೈ ಏಳಲಿಲ್ಲ. ನನ್ನ ಅಣ್ಣ ಸುಳ್ಳು ಹೇಳಾಂವಲ್ಲ. ಹೇಳ್ಯಾನ ಅಂದ್ರ ಮನ್ಯಾಗ ಏನೋ ಆಗೈತಿ. ತಮ್ಮನ ಮುಂದ ರೊಕ್ಕ ಕೇಳಾಕ ನಾಚಿಕಿ, ಅದಕ್ಕ ಹಿಂಗ ಸುತ್ತಿ ಬಳಸಿ ಬಂದಾನ ಅಂತ ತಿಳಕೊಂಡ್ನಿ. ರೊಕ್ಕ ಎತ್ತಿದ್ರ ನಿನ್ನ ಹೊಟ್ಟಿಮ್ಯಾಲೆ ಹೊಡದಂಗ ಆಗತಿತ್ತಲ್ಲಾ."

"ಇನ್ನೂ ಹೆಚ್ಚಿಗೆ ಹೇಳಿದ್ರೂ ಕೊಡ್ತಿದ್ವಿ ಭಾವಾ" ಎಂದಳು ಸೌಜನ್ಯಾ. "ಒಳಗ ಹೋಗಿ ಅದನ್ನ ಮಾತಾಡಿದ್ದು ನಾವು. ನಿಮಗ ಸಾಲತೈತೋ ಇಲ್ಲೋ ಅಂತ."

ಅಪ್ಪಾಸಾಹೇಬರು ಆಗ ಕೂತರು. ತಮ್ಮನ ನಿದ್ದೆಯ ಬೆಲೆ ಎರಡು ಸಾವಿರ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ಸರಿಯಾಗಿಯೇ ಇತ್ತು. ಅವನು ಟೀವಿಗೆ ಕೊಡದ್ದನ್ನು ಅಣ್ಣನಿಗೆ ಕೊಡುತ್ತಾನೆ ಎಂಬುದೊಂದೇ ಅದರಲ್ಲಿ ಬಿಟ್ಟುಹೋಗಿತ್ತು. ನಾಚಿಕೆಯಿಂದ ಅವರಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ.

"ನನ್ನ ನೌಕರಿ ಹೋಗಿಲ್ಲೋ" ಎಂದರು.

"ಹೋಗಿಲ್ಲ?"

"ಇಲ್ಲ. ನಾಳೆ ಎಂಟಕ್ಕ ಮೀಟಿಂಗ್ ಐತಿ."

"ಖರೇನ ಹೋಗಿಲ್ಲ?" ಓಂಪ್ರಕಾಶ ಎದ್ದು ನಿಂತಿದ್ದ. ಅವನ ಕಣ್ಣು ತುಂಬಿ, ಅದರ ಜೊತೆಗೇ ನಗೆಯೂ ಬಂದು, ಮುಖ ವಿಚಿತ್ರವಾಯಿತು. "ಹಾಳಾಗ್ಲಿ, ನೌಕರಿ ಐತಲ್ಲ! ಮತ್ತ ಯಾಕ ಹಂಗ ಹೇಳಿದಿ?"

"ನೀ ಬೆದರಿ ರೊಕ್ಕ ಎತ್ತತೀ ಅಂತ. ನಾಣ್ಯ ನನಗ ಬೇಕಾಗಿತ್ತು." ಐವತ್ತು ವರ್ಷದ ಮನುಷ್ಯ ಚಿಕ್ಕ ಹುಡುಗನ ಹಾಗೆ ಹೇಳಿದರು. "ಭಾಳ ಬೇಕಾಗಿತ್ತೋ."

"ಕೇಳಬೇಕಿತ್ತಲ್ಲಣ್ಣಾ?"

"ದೊಡ್ಡಾಂವ ಹೆಂಗ ಕೇಳೂದು?" ಎಂದವರು, ಹುಟ್ಟಿ ಬೆಳೆದು ಮೊದಲ ಸಲ ತಮ್ಮನ ಬಳಿ ಕೇಳಿದರು. "ಈಗ ಕೇಳತೀನಿ. ಕೊಡತೀಯೇನು?"

ಓಂಪ್ರಕಾಶ ಅಂಗೈಯಲ್ಲಿದ್ದ ನಾಣ್ಯವನ್ನು ನೋಡಿದ. ಕೊಟ್ಟುಬಿಡುತ್ತಾನೆ ಎಂದೇ ಪ್ರೇಮವ್ವ ಅಂದುಕೊಂಡರು, ಸೌಜನ್ಯಾಳೂ.

"ಇಲ್ಲಣ್ಣಾ" ಎಂದ ಓಂಪ್ರಕಾಶ. "ನಿನಗ ಸುಳ್ಳು ಹೇಳೂದಿಲ್ಲ. ಮಧ್ಯಾಹ್ನ ನಿನ್ನ ಸಲುವಾಗಿ ತಗೊಂಡ್ನಿ, ಖರೆ. ನೀವು ಹೋದ ಮ್ಯಾಲೆ ಇದನ್ನ ಹಿಡಕೊಂಡು ಕುಂತೆ. ಆ ಕಾರು, ಆ ಕೋಣಿ, ಒಂದ ಕೋಟು ಇಬ್ಬರೂ ಹಾಕ್ಕೊಳ್ಳತಿದ್ದದ್ದು, ಎಲ್ಲಾ ನೆನಪಾತು. ಇಪ್ಪತ್ತೆರಡು ವರ್ಷ ನಿನ್ನ ಮನ್ಯಾಗ ಇತ್ತಲ್ಲ. ಈಗ ಕೊಡಾಕ ನನಗೂ ಮನಸ್ಸು ಬರವಲ್ದು."

ಅಪ್ಪಾಸಾಹೇಬರಿಗೆ ನೋವಾಯಿತು, ಚೆನ್ನಾಗಿಯೇ ಆಯಿತು. ಆದರೆ ಆಶ್ಚರ್ಯವೆಂದರೆ, ಹೊಟ್ಟೆ ಉರಿಯಲಿಲ್ಲ. ಇಷ್ಟು ದಿನದಲ್ಲಿ ಆ ಮೇಜಿನ ಮೇಲೆ ಇಬ್ಬರ ಮಾತೂ ನಿಜವಾದದ್ದು ಇದೇ ಮೊದಲು ಎಂದು ಅವರಿಗನ್ನಿಸಿತು.

"ಆತು. ಸಣ್ಣಾಂವ ಎತ್ತಿದ ಮ್ಯಾಲೆ ಮುಗೀತು" ಎಂದರು. ಚೆಕ್ಕನ್ನು ಎತ್ತಿ ಹರಿದು, ನಾಲ್ಕು ಚೂರು ಮಾಡಿ, ಸ್ಟೀಲಿನ ತಟ್ಟೆಯಲ್ಲಿ ಹಾಕಿದರು. "ಸಾವಿರದ ಇನ್ನೂರಕ್ಕ ಬರಿ."

ಹೇಳಿದ ಬೆಲೆ ಬದಲಾಗಬಾರದೆಂಬ ನೇಮವನ್ನು ಓಂಪ್ರಕಾಶ ನೆನಪಿಸಲು ಬಾಯಿ ತೆರೆದ. ಅಣ್ಣನ ಮುಖ ನೋಡಿ, ಮುಚ್ಚಿಕೊಂಡು ಬರೆದ. ಅಪ್ಪಾಸಾಹೇಬರು ಕನ್ನಡಕ ಹಾಕಿಕೊಂಡು ಅಂಕಿಯನ್ನೂ ಅಕ್ಷರವನ್ನೂ ಓದಿ ನೋಡಿ ಜೇಬಿಗೆ ಹಾಕಿದರು. ಸೌಜನ್ಯಾ ಮಧ್ಯಾಹ್ನ ಉಳಿದ ರೊಟ್ಟಿಗೆ ಎಣ್ಣೆಗಾಯಿ ಬಿಸಿ ಮಾಡಿ ಬಡಿಸಿದಳು. ಈ ಸಲ ಅವರು ನಾಲ್ಕು ತಿಂದರು.

ಹೊರಟಾಗ ತಂಪು ಗಾಳಿ ಬೀಸುತ್ತಿತ್ತು. ಪ್ರೇಮವ್ವ ಬೆಲ್ಟ್ ಹಾಕಿಕೊಂಡರು. ಅಪ್ಪಾಸಾಹೇಬರು ಕಾರು ಹಿಂದಕ್ಕೆ ತೆಗೆಯುವಷ್ಟರಲ್ಲಿ ಓಂಪ್ರಕಾಶ ಬರಿಗಾಲಿನಲ್ಲೇ ಓಡಿಬಂದು ಕಿಟಕಿಯ ಗಾಜು ತಟ್ಟಿದ. ಮನಸ್ಸು ಬದಲಾಯಿಸಿದನೇನೋ ಎಂದು ಒಂದು ಕ್ಷಣ ಅವರ ಜೀವ ಆಸೆಪಟ್ಟಿತು. ಅವನ ಕೈ ಖಾಲಿಯಿತ್ತು. ಗಾಜು ಇಳಿಸಿದರು.

"ಅಣ್ಣಾ, ಮುಂದ ಖರೇನ ನೌಕರಿ ಹೋದ್ರ, ನನಗ ಹೇಳತೀಯಿಲ್ಲೋ?"

ಅಪ್ಪಾಸಾಹೇಬರು ಸ್ಟಿಯರಿಂಗ್ ಮೇಲಿನ ಕೈ ತೆಗೆದು ತಮ್ಮನ ಕೈ ಹಿಡಿದರು.

"ಹೋದ ದಿನಾನ ಹೇಳತೀನಿ" ಎಂದರು.

ಓಂಪ್ರಕಾಶ ತಲೆಯಾಡಿಸಿ ಪಕ್ಕಕ್ಕೆ ಸರಿದ. ಅವರು ಕಾರು ಹಿಂದಕ್ಕೆ ತೆಗೆದುಕೊಂಡು ಮನೆಯ ಕಡೆ ಹೊರಟರು.